ಕೈರೋಪ್ರ್ಯಾಕ್ಟಿಕ್ ಬಿಲ್ಲಿಂಗ್: ಹಿಸ್ಟರಿ, ತಪಾಸಣೆ ಬರೆಯುವಾಗ ಯಾವ ದಾರಿ ಯಾವಾಗ

ಅದೇ ಸೊಂಟ ನೋವು, ಅದೇ ಟೇಬಲ್, ಅದೇ ಡಾಕ್ಟರ್. ರೋಗಿಗೆ 68 ವರ್ಷ, ಮೆಡಿಕೇರ್ (ಮುಖ್ಯವಾಗಿ 65 ದಾಟಿದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಇದೆ ಅಂದರೆ ಚಾರ್ಟ್ (ರೋಗಿಯ ದಾಖಲೆ) ಓದುವವರು ಹುಡುಕುವುದು ಒಂದು. 44 ವರ್ಷ, ಕಂಪನಿ ಕೊಟ್ಟ ಇನ್ಶೂರೆನ್ಸ್ ಇದೆ ಅಂದರೆ ಹುಡುಕುವುದು ಇನ್ನೊಂದು. ಅಮೆರಿಕದ ಕೈರೋಪ್ರ್ಯಾಕ್ಟಿಕ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಕೊಡುವ ಚಿಕಿತ್ಸೆ) ಕ್ಲಿನಿಕ್‌ಗಳ ಚಾರ್ಟ್‌ಗಳು ಬೆಂಗಳೂರು, ಮೈಸೂರಿನ ರಾತ್ರಿ ಪಾಳಿಯ ಕೋಡರ್‌ಗಳ (ಚಿಕಿತ್ಸೆಯನ್ನು ಬಿಲ್ಲಿನ ಕೋಡ್‌ಗೆ ಇಳಿಸುವವರ) ಕೈಗೆ ಬಂದಾಗ ಹೊಸಬರು ಎಡವುವುದು ಈ ಜಾಗದಲ್ಲೇ. ಕೋಡ್ ಪುಸ್ತಕ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಯಾವ ಪೇಯರ್ (ದುಡ್ಡು ಕೊಡುವವನು) ಯಾವ ಪ್ರಶ್ನೆ ಕೇಳುತ್ತಾನೆ ಅನ್ನುವುದು ಗೊತ್ತಿರುವುದಿಲ್ಲ. ಅಲ್ಲೇ ಕೂತು ಕ್ಲಿನಿಕ್ ನಡೆಸುವವರಿಗೂ ಇದೇ ತೊಡಕು.

ಬರೆಯುವ ದಾರಿಗಳು ಹಲವಾರು ಇವೆ. ಸಬ್‌ಲಕ್ಸೇಷನ್ (ಬೆನ್ನುಮೂಳೆಯ ಕೀಲಿನ ಸಾಲು ಅಥವಾ ಚಲನೆ ತಪ್ಪಿರುವುದು) ತೋರಿಸಲು ಎಕ್ಸ್‌ರೇ ಅಥವಾ ಕೈಯಿಂದ ಮಾಡಿದ ತಪಾಸಣೆ. ವಿಸಿಟ್ ಕೋಡ್ (ತಪಾಸಣೆಯ ಬಿಲ್ ಕೋಡ್) ಆರಿಸಲು ಡಿಸಿಷನ್ ಮೇಕಿಂಗ್ (ಡಾಕ್ಟರ್ ತೀರ್ಮಾನ ಎಷ್ಟು ಕಷ್ಟದ್ದು ಎಂಬ ಅಳತೆ) ಅಥವಾ ಸಮಯ. ಸಿಎಂಟಿ (ಕೈರೋಪ್ರ್ಯಾಕ್ಟರ್ ಕೈಯಿಂದ ಮಾಡುವ ಮ್ಯಾನಿಪ್ಯುಲೇಷನ್ ಚಿಕಿತ್ಸೆ) ಒಂದನ್ನೇ ಬಿಲ್ ಮಾಡುವುದು ಅಥವಾ ಜೊತೆಗೆ ವಿಸಿಟ್ ಕೋಡ್ ಹಾಕುವುದು. ಎಟಿ ಮಾಡಿಫೈಯರ್ (ಕೋಡ್‌ಗೆ ಅಂಟಿಸುವ ಗುರುತು) ಅಥವಾ ಜಿಎ. ಟೈಪ್ ಮಾಡಿದ ನೋಟ್ ಅಥವಾ ಟಿಕ್ ಹಾಕುವ ಟೆಂಪ್ಲೇಟ್. ಇವನ್ನೆಲ್ಲ ಕ್ಲೇಮ್ ತಯಾರಿಸುವ ಹೊತ್ತಿಗೆ ಆರಿಸಲು ಬರುವುದಿಲ್ಲ. ರೋಗಿ ಟೇಬಲ್ ಮೇಲೆ ಇರುವಾಗಲೇ ಆಯ್ಕೆ ಆಗಿ ಹೋಗಿರುತ್ತದೆ. ಬಿಲ್ಲಿಂಗ್‌ನವರು ಆಗಿದ್ದನ್ನು ಓದಿ ಹೇಳಬಹುದು ಅಷ್ಟೇ.

ಮೊದಲು ದುಡ್ಡು ಕೊಡುವವರು ಯಾರು

ಮೆಡಿಕೇರ್ ಕೈರೋಪ್ರ್ಯಾಕ್ಟರ್‌ಗೆ ಕೊಡುವುದು ಒಂದೇ ಕೆಲಸಕ್ಕೆ: ಸಬ್‌ಲಕ್ಸೇಷನ್ ಸರಿಪಡಿಸಲು ಬೆನ್ನುಮೂಳೆಗೆ ಕೈಯಿಂದ ಮಾಡುವ ಮ್ಯಾನಿಪ್ಯುಲೇಷನ್. 98940 ಅಂದರೆ ಬೆನ್ನುಮೂಳೆಯ 1-2 ರೀಜನ್ (ಭಾಗ), 98941 ಅಂದರೆ 3-4, 98942 ಅಂದರೆ ಐದೂ. ಕೈಕಾಲಿನ ಕೀಲು, ದವಡೆ ಕೀಲು ಇತ್ಯಾದಿಗೆ ಇರುವ 98943 ಅನ್ನು ಮೆಡಿಕೇರ್ ಕೊಡುವುದಿಲ್ಲ. ತಪಾಸಣೆಯ ವಿಸಿಟ್ ಕೋಡ್, ಕೈರೋಪ್ರ್ಯಾಕ್ಟರ್ ತೆಗೆದ ಅಥವಾ ಬರೆದುಕೊಟ್ಟ ಎಕ್ಸ್‌ರೇ, ವ್ಯಾಯಾಮ, ಅಲ್ಟ್ರಾಸೌಂಡ್ ಯಾವುದಕ್ಕೂ ದುಡ್ಡಿಲ್ಲ. ಹಾಗಂತ ಮೆಡಿಕೇರ್ ಸಹವಾಸವೇ ಬೇಡ ಎಂದು ಆಪ್ಟ್ ಔಟ್ ಮಾಡುವ ಅವಕಾಶವೂ ಕೈರೋಪ್ರ್ಯಾಕ್ಟರ್‌ಗಿಲ್ಲ.

ತಮಾಷೆ ಏನೆಂದರೆ, ಯಾವ ತಪಾಸಣೆಗೆ ಮೆಡಿಕೇರ್ ಒಂದು ಡಾಲರ್ ಕೊಡುವುದಿಲ್ಲವೋ ಅದೇ ತಪಾಸಣೆಯ ದಾಖಲೆ ಇಲ್ಲದಿದ್ದರೆ ಮ್ಯಾನಿಪ್ಯುಲೇಷನ್‌ಗೆ ಕೊಟ್ಟ ದುಡ್ಡನ್ನು ವಾಪಸ್ ಕೇಳುತ್ತದೆ. "ತಪಾಸಣೆ ಬಿಲ್ ಆಗಲ್ವಲ್ಲ, ಎರಡು ಸಾಲು ಸಾಕು" ಎಂದು ಬರೆದ ಚಾರ್ಟ್‌ಗಳೇ ಆಡಿಟ್‌ನಲ್ಲಿ ಬೀಳುವುದು. ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2016ರ ಅಕ್ಟೋಬರ್‌ನಲ್ಲಿ ಹೊರತಂದ ವರದಿಯ ಅಂದಾಜು ಹೀಗಿದೆ: 2013ರಲ್ಲಿ ಕೈರೋಪ್ರ್ಯಾಕ್ಟಿಕ್‌ಗೆ ಮೆಡಿಕೇರ್ ಕೊಟ್ಟ ಸುಮಾರು 43.8 ಕೋಟಿ ಡಾಲರ್‌ನಲ್ಲಿ 35.9 ಕೋಟಿಯಷ್ಟು, ಅಂದರೆ 82%, ನಿಯಮಕ್ಕೆ ಹೊಂದುವುದಿಲ್ಲ.

ಖಾಸಗಿ ಇನ್ಶೂರೆನ್ಸ್‌ನಲ್ಲಿ ತಪಾಸಣೆಗೆ ಸಾಮಾನ್ಯವಾಗಿ ಬೇರೆ ದುಡ್ಡಿದೆ. ಹಾಗಾಗಿ ಅಲ್ಲಿ ಪ್ರಶ್ನೆ "ಸಬ್‌ಲಕ್ಸೇಷನ್ ಎಲ್ಲಿ?" ಎನ್ನುವುದಕ್ಕಿಂತ "ಈ ತಪಾಸಣೆ ಮ್ಯಾನಿಪ್ಯುಲೇಷನ್‌ನ ಭಾಗವೋ, ಬೇರೆಯೋ?" ಎನ್ನುವುದು. ಕಾರ್ ಅಪಘಾತದ ಕೇಸಾದರೆ ಮೂರನೆಯ ಥರ: ಯಾವ ಸೀಟಿನಲ್ಲಿದ್ದರು, ಬೆಲ್ಟ್ ಇತ್ತೇ, ಯಾವ ಕಡೆಯಿಂದ ಗುದ್ದಿತು, ನೋವು ಎಷ್ಟು ಗಂಟೆಯ ಮೇಲೆ ಶುರುವಾಯಿತು, ಮೊದಲೇ ಇದ್ದ ನೋವು ಯಾವುದು. ವಕೀಲರು ಓದುವ ಚಾರ್ಟ್ ಅದು, ಅಷ್ಟು ತಿಳಿದಿದ್ದರೆ ಸಾಕು.

ಎಕ್ಸ್‌ರೇ ಅಥವಾ ಪಾರ್ಟ್

ಸಬ್‌ಲಕ್ಸೇಷನ್ ಇದೆ ಎಂದು ತೋರಿಸಲು ಮೆಡಿಕೇರ್ ಎರಡು ದಾರಿ ಒಪ್ಪುತ್ತದೆ. 2000ದ ಜನವರಿ 1ರ ವರೆಗೆ ಎಕ್ಸ್‌ರೇ ಕಡ್ಡಾಯವಾಗಿತ್ತು. ಆಮೇಲೆ ದೈಹಿಕ ತಪಾಸಣೆಯಿಂದಲೂ ತೋರಿಸಬಹುದು ಎಂದಾಯಿತು. ಆ ತಪಾಸಣೆಯ ನಾಲ್ಕು ಅಂಶಗಳನ್ನು ಪಿ, ಎ, ಆರ್, ಟಿ ಅಕ್ಷರ ಹಿಡಿದು 'ಪಾರ್ಟ್' ಅನ್ನುತ್ತಾರೆ:

ಪಿ: ನೋವು, ಒತ್ತಿದರೆ ನೋವು. ಎಲ್ಲಿ, ಎಷ್ಟು, ಯಾವ ಥರ.
ಎ: ಅಸಿಮೆಟ್ರಿ, ಅಂದರೆ ಒಂದು ಮೂಳೆ ಅಥವಾ ಒಂದು ಭಾಗ ಸಾಲು ತಪ್ಪಿರುವುದು.
ಆರ್: ಚಲನೆಯಲ್ಲಿ ವ್ಯತ್ಯಾಸ, ಕಡಿಮೆಯಾಗಲಿ ಹೆಚ್ಚಾಗಲಿ.
ಟಿ: ಚರ್ಮ, ಸ್ನಾಯು, ಲಿಗಮೆಂಟಿನ ಬಿಗಿ, ಊತ, ಸ್ಪಾಸಂ.

ನಾಲ್ಕರಲ್ಲಿ ಎರಡು ಬೇಕು, ಆ ಎರಡರಲ್ಲಿ ಒಂದು ಎ ಅಥವಾ ಆರ್ ಆಗಿರಲೇಬೇಕು. ಈ ಎರಡನೆಯ ಷರತ್ತನ್ನು ಮರೆಯುವವರೇ ಹೆಚ್ಚು. "ಎಲ್5 ಮೇಲೆ ಒತ್ತಿದರೆ ನೋವು, ಸ್ನಾಯು ಬಿಗಿ" (ಎಲ್5 ಸೊಂಟದ ಐದನೇ ಮೂಳೆ) ಅಂದರೆ ಪಿ ಮತ್ತು ಟಿ. ಎರಡು ಅಂಶ ಇವೆ, ಆದರೂ ನಪಾಸು.

ನಮ್ಮ ಅಭಿಪ್ರಾಯ ಸ್ಪಷ್ಟ: ಪಾರ್ಟ್ ಯಾವಾಗಲೂ ಬರೆಯಿರಿ, ಎಕ್ಸ್‌ರೇ ರೋಗಿಗೆ ಬೇಕಾದಾಗ ಮಾತ್ರ ತೆಗೆಸಿ. ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್, ಕಾರಣವಿಲ್ಲದೆ ತೂಕ ಇಳಿಕೆ, ಜ್ವರ, ಬಹಳ ಕಾಲ ಸ್ಟೆರಾಯ್ಡ್, ಹೀಗೆ ಅನುಮಾನ ಹುಟ್ಟಿಸುವ ಹಿಸ್ಟರಿ ಇದ್ದರೆ ಎಕ್ಸ್‌ರೇಗೆ ಅರ್ಥವಿದೆ. ಬಿಲ್ಲಿಂಗ್ ದಾಖಲೆಗೆಂದು ಎಕ್ಸ್‌ರೇ ನಂಬಿದರೆ ಮೂರು ಕಡೆ ಕೈಕೊಡುತ್ತದೆ.

ಒಂದು, ದಿನಾಂಕ. ಚಿಕಿತ್ಸೆಯ ಸರಣಿ ಶುರುವಾಗುವ ಮುಂಚಿನ 12 ತಿಂಗಳು, ಶುರುವಾದ ಮೇಲಿನ 3 ತಿಂಗಳು, ಇದರ ಒಳಗಿನ ಎಕ್ಸ್‌ರೇ ಮಾತ್ರ ಲೆಕ್ಕಕ್ಕೆ. ಸ್ಕೋಲಿಯೋಸಿಸ್‌ನಂಥ ಶಾಶ್ವತ ಸ್ಥಿತಿಗೆ ಹಳೆಯದನ್ನೂ ಒಪ್ಪುತ್ತಾರೆ, ಆದರೆ ಸ್ಥಿತಿ 12 ತಿಂಗಳಿಗಿಂತ ಹಳೆಯದು, ಶಾಶ್ವತ ಅನ್ನುವುದು ಚಾರ್ಟ್‌ನಲ್ಲಿ ಕಾಣಬೇಕು. ಎರಡು, ವರದಿಯ ಮಾತು. ರೇಡಿಯಾಲಜಿ ವರದಿಯಲ್ಲಿ "ವಯಸ್ಸಿಗೆ ತಕ್ಕ ಸವೆತ, ಮೂಳೆ ಮುರಿತ ಇಲ್ಲ" ಎಂದಷ್ಟೇ ಇದ್ದರೆ ಅದರಿಂದ ಯಾವ ಮಟ್ಟದಲ್ಲಿ ಸಬ್‌ಲಕ್ಸೇಷನ್ ಇದೆ ಎಂದು ತಿಳಿಯುವುದಿಲ್ಲ. ಆ ವರದಿ ಪುರಾವೆಯಾಗದು. ಸಿಟಿ, ಎಂಆರ್‌ಐಗೂ ಇದೇ ಮಾತು. ಮೂರು, ಎಕ್ಸ್‌ರೇ ಇದ್ದರೂ ಮುಂದಿನ ಪ್ರತಿ ವಿಸಿಟ್‌ನಲ್ಲಿ ಚಿಕಿತ್ಸೆ ಕೊಡುವ ಭಾಗದ ತಪಾಸಣೆ ಬರೆಯಲೇಬೇಕು. ಅಂದಮೇಲೆ ಪಾರ್ಟ್ ಕೆಲಸ ತಪ್ಪುವುದಿಲ್ಲ.

ಎಕ್ಸ್‌ರೇ ದಾರಿ ಹಿಡಿದರೆ ಅದರ ದಿನಾಂಕ ಕ್ಲೇಮ್ ಕಳಿಸುವ ಸಿಎಂಎಸ್-1500 ಫಾರಂನ 19ನೇ ಬಾಕ್ಸ್‌ಗೆ ಹೋಗುತ್ತದೆ. 14ನೇ ಬಾಕ್ಸ್‌ಗೆ ಈ ಸರಣಿಯ ಚಿಕಿತ್ಸೆ ಶುರುವಾದ ದಿನ. ಎಲೆಕ್ಟ್ರಾನಿಕ್ 837ಪಿ ಕ್ಲೇಮ್‌ನಲ್ಲಿ ಇವು ಅದೇ ಕ್ರಮದಲ್ಲಿ ಡಿಟಿಪಿ (ದಿನಾಂಕದ ಸಾಲು) 455 ಮತ್ತು 454. ಆ 14ನೇ ಬಾಕ್ಸ್ ಸಣ್ಣದಾಗಿ ಕಂಡರೂ ಅಪಾಯಕಾರಿ. ರೋಗಿ ಮೂರು ವರ್ಷದ ಹಿಂದೆ ಮೊದಲು ಬಂದ ದಿನಾಂಕವನ್ನೇ ಸಾಫ್ಟ್‌ವೇರ್ ಎಳೆದು ತರುತ್ತಿರುತ್ತದೆ. ಮೊನ್ನೆ ಜಾರಿ ಬಿದ್ದು ಹೊಸ ನೋವಿನಿಂದ ಬಂದಿದ್ದಾರೆ, ಹೊಸ ತಪಾಸಣೆ, ಹೊಸ ಪ್ಲಾನ್ ಎಲ್ಲ ಇದೆ, ಕ್ಲೇಮ್‌ನಲ್ಲಿ ಮಾತ್ರ ಮೂರು ವರ್ಷದ ಚಿಕಿತ್ಸೆ. ಓದುವವರಿಗೆ ಅದು ಮೇಂಟೆನೆನ್ಸ್ (ಸುಧಾರಣೆಯಿಲ್ಲದೆ ಇದ್ದದ್ದನ್ನು ಕಾಯುವ ಚಿಕಿತ್ಸೆ) ಆಗಿಯೇ ಕಾಣುತ್ತದೆ.

ಹಿಸ್ಟರಿ: ರೋಗಿ ತುಂಬಿದ ಫಾರಂ ಅಥವಾ ಡಾಕ್ಟರ್ ಕೇಳಿ ಬರೆದಿದ್ದು

ಮೊದಲ ವಿಸಿಟ್‌ನ ಹಿಸ್ಟರಿಯಲ್ಲಿ ಮೆಡಿಕೇರ್ ಕೇಳುವ ವಿಷಯಗಳು ಇವು: ಯಾವ ತೊಂದರೆಗೆ ಬಂದರು, ಹಿಂದಿನ ಕಾಯಿಲೆ, ಪೆಟ್ಟು, ಆಪರೇಷನ್, ಆಸ್ಪತ್ರೆ ವಾಸ, ಈಗಿನ ಮಾತ್ರೆಗಳು, ಸಂಬಂಧ ಇದ್ದರೆ ಮನೆತನದ ಕಾಯಿಲೆ, ಪೆಟ್ಟಾಗಿದ್ದು ಹೇಗೆ, ನೋವಿನ ಗುಣ, ಶುರು, ಅವಧಿ, ತೀವ್ರತೆ, ಎಷ್ಟು ಸಲ, ಎಲ್ಲಿ, ಎಲ್ಲಿಗೆ ಹರಿಯುತ್ತದೆ, ಯಾವುದರಿಂದ ಹೆಚ್ಚು, ಯಾವುದರಿಂದ ಕಡಿಮೆ, ಹಿಂದೆ ಮಾಡಿಸಿದ ಚಿಕಿತ್ಸೆ, ಜೊತೆಗಿನ ಇತರ ತೊಂದರೆ.

ಇದಿಷ್ಟನ್ನೂ ಡಾಕ್ಟರ್ ಕೇಳಿ ಬರೆಯಲು ಹೊರಟರೆ ಕಾಲು ಗಂಟೆ. ಫಾರಂ ಕೊಟ್ಟು ತುಂಬಿಸಿದರೆ ಕ್ಲಿನಿಕ್‌ಗೆ ಸಮಯ ಉಳಿತಾಯ. ಫಾರಂ ಒಪ್ಪಿತವೇ, ಆದರೆ ಡಾಕ್ಟರ್ ಅದನ್ನು ಓದಿದ್ದಾರೆ ಎಂಬ ಗುರುತು, ಸಹಿ ಮತ್ತು ದಿನಾಂಕ, ಇರಬೇಕು. ಅದಕ್ಕಿಂತ ಮುಖ್ಯ, ಫಾರಂ ಮತ್ತು ನೋಟ್ ಒಂದೇ ಮಾತು ಹೇಳಬೇಕು. ಫಾರಂನಲ್ಲಿ ರೋಗಿ ಎಡಗಾಲಿಗೆ ಜೋಮು ಎಂದು ಚಿತ್ರದ ಮೇಲೆ ಗೀಟು ಹಾಕಿರುತ್ತಾರೆ. ಟೆಂಪ್ಲೇಟ್‌ನಿಂದ ಬಂದ ನೋಟ್ "ನೋವು ಎಲ್ಲೂ ಹರಿಯುವುದಿಲ್ಲ" ಅನ್ನುತ್ತದೆ. ಡಯಾಗ್ನೋಸಿಸ್‌ನಲ್ಲಿ ಸೊಂಟ ನೋವಿನ ಜೊತೆ ಬಲಗಡೆ ಸಯಾಟಿಕಾ (ಕಾಲಿಗೆ ಹರಿಯುವ ನರದ ನೋವು), ಎಂ54.41. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಮೂರು ಕಾಗದ ಮೂರು ದಿಕ್ಕು. ಒಂದು ಕಾಗದ ಕಡಿಮೆ ಇರುವುದಕ್ಕಿಂತ ಇದು ಕೆಟ್ಟದ್ದು.

ನಮ್ಮ ಆಯ್ಕೆ ಎರಡರ ಬೆರಕೆ: ಹಿಂದಿನ ಕಾಯಿಲೆ, ಮಾತ್ರೆ, ಆಪರೇಷನ್, ಮನೆತನ ಇವಕ್ಕೆ ಫಾರಂ, ಈಗಿನ ನೋವಿನ ಕಥೆ ಮಾತ್ರ ಡಾಕ್ಟರ್ ಬಾಯಿಂದ. ಮಾತ್ರೆಗಳ ಪಟ್ಟಿಯನ್ನು ಹಗುರವಾಗಿ ನೋಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ತೀವ್ರ ಮೂಳೆ ಸವೆತ, ಹೆಚ್ಚುತ್ತಿರುವ ನರದ ಲಕ್ಷಣ ಇವು ಜೋರಾದ ಮ್ಯಾನಿಪ್ಯುಲೇಷನ್‌ಗೆ ಎಚ್ಚರಿಕೆಯ ಸ್ಥಿತಿಗಳು ಎಂದು ಮೆಡಿಕೇರ್ ಕೈಪಿಡಿಯ 15ನೇ ಅಧ್ಯಾಯವೇ ಹೇಳುತ್ತದೆ. ರೋಗಿಗೆ ಅಪಾಯ ವಿವರಿಸಿ ಮುಂದುವರಿದಿದ್ದರೆ ಅದನ್ನೂ ಬರೆದಿರಬೇಕು. ಪೆಟ್ಟಿನ ಕಾರಣ ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಡದೆ "ನಿರ್ದಿಷ್ಟ ಪೆಟ್ಟಿಲ್ಲ, ಮೂರು ವಾರದಿಂದ ನಿಧಾನವಾಗಿ ಶುರು" ಎಂದು ಬರೆಯಿರಿ. ಖಾಲಿ ಬಿಟ್ಟರೆ ಕೇಳಿಯೇ ಇಲ್ಲ ಎಂದು ಅರ್ಥ.

ಒಂದು ಪಕ್ಕದ ಮಾತು. ಮಕ್ಕಳ ಜೊತೆ ಅಮೆರಿಕದಲ್ಲಿ ನೆಲೆಸಿದ ಕನ್ನಡದ ತಂದೆ ತಾಯಂದಿರು ಕ್ಲಿನಿಕ್‌ಗೆ ಬಂದಾಗ ಜೋಮು, ಚಳುಕು, ಸೆಳೆತ, ಉರಿ, ಹಿಡ್ಕೊಂಡಿದೆ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಪಕ್ಕದಲ್ಲಿ ಕೂತ ಮಗ ಎಲ್ಲವನ್ನೂ 'ಪೇನ್' ಎಂಬ ಒಂದೇ ಪದಕ್ಕೆ ಇಳಿಸಿಬಿಡುತ್ತಾನೆ. ಜೋಮು ನರದ ಕಡೆ ಬೆರಳು ತೋರಿಸುತ್ತದೆ, ಚಳುಕು ಕೀಲಿನ ಕಡೆ. ಚಾರ್ಟ್‌ಗೆ ಬೇಕಾದ 'ನೋವಿನ ಗುಣ' ಇರುವುದೇ ಆ ಪದಗಳಲ್ಲಿ. ಇನ್ನೊಂದು ವಿಷಯ, ಮಗ ಬರೀ ಅನುವಾದ ಮಾಡಿದರೆ ಅವನನ್ನು 'ಇಂಡಿಪೆಂಡೆಂಟ್ ಹಿಸ್ಟೋರಿಯನ್' (ರೋಗಿಯ ಬದಲು ಹಿಸ್ಟರಿ ಹೇಳುವವರು) ಎಂದು, ಮುಂದೆ ಬರುವ ಡೇಟಾ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ಅನುವಾದ ಅದರಲ್ಲಿ ಬರುವುದಿಲ್ಲ ಎಂದು ಸಿಪಿಟಿ (ಚಿಕಿತ್ಸೆಯ ಕೋಡ್ ಪುಸ್ತಕ) ನಿಯಮದಲ್ಲೇ ಇದೆ.

ಡಿಸಿಷನ್ ಮೇಕಿಂಗ್ ಅಥವಾ ಸಮಯ

ಖಾಸಗಿ ಪೇಯರ್‌ಗೆ ತಪಾಸಣೆಯನ್ನು ಬೇರೆ ಬಿಲ್ ಮಾಡುವಾಗ ಬರುವ ಆಯ್ಕೆ ಇದು. 2021ರ ಜನವರಿಗೆ ಮುಂಚೆ 1995ರ ಅಥವಾ 1997ರ ಮಾರ್ಗಸೂಚಿ ಹಿಡಿದು ಹಿಸ್ಟರಿಯಲ್ಲಿ ಎಷ್ಟು ಅಂಶ, ತಪಾಸಣೆಯಲ್ಲಿ ಎಷ್ಟು ಬುಲೆಟ್ ಎಂದು ಎಣಿಸುತ್ತಿದ್ದರು. ಆ ಎಣಿಕೆ ಈಗಿಲ್ಲ. 99201 ಕೋಡೇ ತೆಗೆದು ಹಾಕಿದರು. ವಿಸಿಟ್ ಕೋಡ್ 99202ರಿಂದ 99215ರ ವರೆಗೆ ಹಿಸ್ಟರಿ, ತಪಾಸಣೆ 'ವೈದ್ಯಕೀಯವಾಗಿ ತಕ್ಕಷ್ಟು' ಇದ್ದರೆ ಸಾಕು; ಮಟ್ಟ ತೀರ್ಮಾನವಾಗುವುದು ಡಿಸಿಷನ್ ಮೇಕಿಂಗ್‌ನಿಂದ ಅಥವಾ ಆ ದಿನದ ಒಟ್ಟು ಸಮಯದಿಂದ. ಹಳೆಯ ಟೆಂಪ್ಲೇಟ್ ಇಟ್ಟುಕೊಂಡು ಹದಿನಾಲ್ಕು ಅಂಗಗಳ ರಿವ್ಯೂ ತುಂಬಿಸುವ ಕ್ಲಿನಿಕ್‌ಗಳು ಇನ್ನೂ ಇವೆ. ಅದರಿಂದ ಕೋಡ್ ಮೇಲೇರುವುದಿಲ್ಲ, ತಪ್ಪು ಸಿಗುವ ಜಾಗ ಮಾತ್ರ ಹೆಚ್ಚುತ್ತದೆ.

ಡಿಸಿಷನ್ ಮೇಕಿಂಗ್‌ಗೆ ಮೂರು ಕಂಬ: ಸಮಸ್ಯೆ, ಡೇಟಾ (ಓದಿದ ದಾಖಲೆ, ಬರೆದ ಪರೀಕ್ಷೆ), ರಿಸ್ಕ್. ಮೂರರಲ್ಲಿ ಎರಡು ಆ ಮಟ್ಟ ಮುಟ್ಟಬೇಕು. ಕೈರೋಪ್ರ್ಯಾಕ್ಟಿಕ್‌ನಲ್ಲಿ ಇದು ಹೇಗೆ ಬೀಳುತ್ತದೆ ನೋಡಿ. ಭಾರ ಎತ್ತುವಾಗ ಸೊಂಟ ಉಳುಕಿದ ಹೊಸ ರೋಗಿ, ಕಾಲಿಗೆ ಜೋಮಿಲ್ಲ: ತೊಡಕಿಲ್ಲದ ಹೊಸ ಪೆಟ್ಟು, ಸಮಸ್ಯೆ 'ಲೋ'. ರಿಸ್ಕ್ 'ಲೋ'. ಅಲ್ಲಿಗೆ 99203. ಕ್ಲಿನಿಕ್‌ನಲ್ಲೇ ಎಕ್ಸ್‌ರೇ ತೆಗೆದು ಓದಿ ಅದನ್ನು ಬೇರೆ ಬಿಲ್ ಮಾಡಿದ್ದರೆ, ಅದನ್ನೇ ಮತ್ತೆ ಡೇಟಾದಲ್ಲಿ ಎಣಿಸುವ ಹಾಗಿಲ್ಲ.

99204 ಬೇಕಾದರೆ? ವರ್ಷಗಟ್ಟಲೆಯ ಕುತ್ತಿಗೆ ನೋವು ಈಗ ಉಲ್ಬಣಿಸಿದೆ ಅಂದರೆ ಸಮಸ್ಯೆ 'ಮಾಡರೇಟ್'. ಹೆಚ್ಚಿನ ರಾಜ್ಯಗಳಲ್ಲಿ ಕೈರೋಪ್ರ್ಯಾಕ್ಟರ್ ಔಷಧಿ ಬರೆಯುವ ಹಾಗಿಲ್ಲದ ಕಾರಣ ರಿಸ್ಕ್ ಕಂಬ 'ಮಾಡರೇಟ್' ಮುಟ್ಟುವುದು ಅಪರೂಪ. ಹಾಗಾಗಿ ಡೇಟಾದಲ್ಲೇ ದುಡಿಯಬೇಕು: ಬೇರೆ ಡಾಕ್ಟರ್‌ನ ನೋಟ್ ಓದಿದ್ದು ಒಂದು, ಹೊರಗಿನ ಎಂಆರ್‌ಐ ವರದಿ ಓದಿದ್ದು ಇನ್ನೊಂದು, ಹೊರಗೆ ಮಾಡಿಸಲು ಬರೆದ ಹೊಸ ಪರೀಕ್ಷೆ ಮೂರನೆಯದು. ಮೂರೂ ಇದ್ದರೆ ಡೇಟಾ 'ಮಾಡರೇಟ್'. ನೋಟ್‌ನಲ್ಲಿ "ಹಳೆಯ ದಾಖಲೆ ನೋಡಿದೆ" ಅಂದರೆ ಒಂದೂ ಸಿಗದು. ಯಾರ ನೋಟ್, ಯಾವ ದಿನಾಂಕದ್ದು, ಅದರಲ್ಲಿ ಏನಿತ್ತು ಎಂದು ಒಂದೊಂದು ಸಾಲು ಬೇಕು. ಇದೆಲ್ಲ ಇಲ್ಲದೆ ಸಾದಾ ಉಳುಕಿಗೆ 99204 ಹಾಕುವುದು ಮೂಗಿಗಿಂತ ಮೂಗುತಿ ಭಾರ.

ಸಮಯದ ದಾರಿ ಹಿಡಿದರೆ ಮುಟ್ಟಬೇಕಾದ ನಿಮಿಷಗಳು: ಹೊಸ ರೋಗಿಗೆ 99202ಕ್ಕೆ 15, 99203ಕ್ಕೆ 30, 99204ಕ್ಕೆ 45, 99205ಕ್ಕೆ 60. ಹಳೆಯ ರೋಗಿಗೆ 99212ಕ್ಕೆ 10, 99213ಕ್ಕೆ 20, 99214ಕ್ಕೆ 30, 99215ಕ್ಕೆ 40. ಎಣಿಸುವುದು ಡಾಕ್ಟರ್ ಆ ದಿನ ತಾವೇ ಕಳೆದ ಸಮಯ ಮಾತ್ರ. ಸಹಾಯಕಿ ಫಾರಂ ತುಂಬಿಸಿದ ಹತ್ತು ನಿಮಿಷ ಇಲ್ಲ. ಮ್ಯಾನಿಪ್ಯುಲೇಷನ್ ಮಾಡಿದ ಸಮಯ, ಬೇರೆ ಬಿಲ್ ಮಾಡಿದ ಎಕ್ಸ್‌ರೇ ಓದಿದ ಸಮಯ ಕಳೆಯಬೇಕು. ಸರಿಯಾದ ಸಾಲು ಹೀಗಿರುತ್ತದೆ: "ಹಿಸ್ಟರಿ, ತಪಾಸಣೆ, ಹೊರಗಿನ ವರದಿ ಓದು, ರೋಗಿಗೆ ವಿವರಣೆ, ಬರವಣಿಗೆ ಸೇರಿ ಇವತ್ತು ಒಟ್ಟು 34 ನಿಮಿಷ, ಸಿಎಂಟಿ ಸಮಯ ಇದರಲ್ಲಿ ಸೇರಿಲ್ಲ."

ಯಾವುದು ಮೇಲು? ಕಾಯಿಲೆ ಸರಳ, ಆದರೆ ರೋಗಿಗೆ ವಿವರಿಸಲು ಬಹಳ ಹೊತ್ತು ಹಿಡಿಯಿತು ಅಂದರೆ ಸಮಯ. ಉಳಿದೆಲ್ಲ ಕಡೆ ಡಿಸಿಷನ್ ಮೇಕಿಂಗ್ ಮೇಲು. ಸಮಯದ ದಾರಿಗೆ ಒಂದು ದೊಡ್ಡ ಶತ್ರು ಇದೆ: ಅಪಾಯಿಂಟ್‌ಮೆಂಟ್ ಪಟ್ಟಿ. ಕಾಲು ಗಂಟೆಗೊಬ್ಬರಂತೆ ರೋಗಿಗಳನ್ನು ಕೂರಿಸಿದ ದಿನ ಪ್ರತಿ ನೋಟ್‌ನಲ್ಲೂ 45 ನಿಮಿಷ ಇದ್ದರೆ ಆಡಿಟರ್ ಕೂಡಿಸಿ ನೋಡುತ್ತಾರೆ. ದಿನಕ್ಕೆ 24 ಗಂಟೆ ದಾಟಿದರೆ ಯಾವ ವಾದವೂ ಉಳಿಯದು.

ಸಿಎಂಟಿ ಒಂದೇ, ಅಥವಾ ಜೊತೆಗೆ 25

98940ರಿಂದ 98942ರ ಒಳಗೆ ಮ್ಯಾನಿಪ್ಯುಲೇಷನ್‌ಗೆ ಮುಂಚಿನ ಚಿಕ್ಕ ತಪಾಸಣೆ ಸೇರಿಯೇ ಇದೆ. "ಇವತ್ತು ಹೇಗಿದ್ದೀರಿ" ಎಂದು ಕೇಳಿ, ಬೆನ್ನು ಮುಟ್ಟಿ ನೋಡಿ, ಚಿಕಿತ್ಸೆ ಕೊಟ್ಟಿದ್ದಕ್ಕೆ ಬೇರೆ ವಿಸಿಟ್ ಕೋಡ್ ಇಲ್ಲ. ಹೊಸ ರೋಗಿ, ಹೊಸ ತೊಂದರೆ ಅಥವಾ ಉಲ್ಬಣ, ನಿಗದಿತ ಮರುತಪಾಸಣೆ, ಚಿಕಿತ್ಸೆ ಮುಗಿಸುವ ದಿನ, ಈ ನಾಲ್ಕು ಸಂದರ್ಭದಲ್ಲಿ ಬೇರೆ ಬಿಲ್ ಮಾಡಬಹುದು. ತಪಾಸಣೆ ಬೇರೆಯೇ ಆಗಿತ್ತು ಎಂದು ತೋರಿಸುವ 25 ಮಾಡಿಫೈಯರ್ ಹೋಗಬೇಕಾದ್ದು ವಿಸಿಟ್ ಕೋಡ್‌ಗೆ, ಸಿಎಂಟಿಗಲ್ಲ. ಮರುತಪಾಸಣೆಗೆ 30 ದಿನ ಅಥವಾ 12 ವಿಸಿಟ್ ಅನ್ನುವುದು ರೂಢಿ. ಒಂದು ಪರೀಕ್ಷೆ ಹೇಳುತ್ತೇವೆ: ನೋಟ್‌ನಿಂದ ಮ್ಯಾನಿಪ್ಯುಲೇಷನ್‌ನ ಸಾಲುಗಳನ್ನು ಕೈಯಿಂದ ಮುಚ್ಚಿ. ಉಳಿದದ್ದು ತಾನೇ ಒಂದು ಪೂರ್ತಿ ತಪಾಸಣೆಯಂತೆ ಓದಿಸಿಕೊಂಡರೆ 25 ಹಾಕಿ, ಇಲ್ಲವಾದರೆ ಬೇಡ.

ಸಿಎಂಟಿಯ ಮಟ್ಟ ಆರಿಸುವಾಗ ಎಣಿಸಬೇಕಾದ್ದು ಮೂಳೆಗಳನ್ನಲ್ಲ, ರೀಜನ್‌ಗಳನ್ನು: ಕುತ್ತಿಗೆ, ಎದೆ ಹಿಂಭಾಗ, ಸೊಂಟ, ಸೇಕ್ರಂ (ಬೆನ್ನುಮೂಳೆಯ ತಳ), ಪೆಲ್ವಿಸ್. ಕುತ್ತಿಗೆಯ ಸಿ2, ಸಿ5, ಸಿ6 ಮೂಳೆ ಮೂರಕ್ಕೂ ಚಿಕಿತ್ಸೆ ಕೊಟ್ಟರೂ ಒಂದೇ ರೀಜನ್, 98940. ಎಲ್5 ಮತ್ತು ಬಲ ಎಸ್‌ಐ ಕೀಲು (ಸೇಕ್ರಂ, ಪೆಲ್ವಿಸ್ ಸೇರುವ ಕೀಲು) ಅಂದರೆ ಸೊಂಟ ಮತ್ತು ಪೆಲ್ವಿಸ್, ಆಗಲೂ 98940. ಹೆಚ್ಚು ಡಿನಯಲ್ (ತಿರಸ್ಕಾರ) ಬರುವುದು 98941ಕ್ಕೆ: ರೋಗಿಯ ದೂರು ಸೊಂಟದ್ದು ಮಾತ್ರ, ಚಿಕಿತ್ಸೆ ಮೂರು ರೀಜನ್‌ಗೆ. ಪ್ರತಿ ರೀಜನ್‌ಗೂ ತಪಾಸಣೆಯ ಫೈಂಡಿಂಗ್, ಡಯಾಗ್ನೋಸಿಸ್, ಕೊಟ್ಟ ಚಿಕಿತ್ಸೆ ಮೂರೂ ಸಾಲಾಗಿ ಸಿಗಬೇಕು. ಮೆಡಿಕೇರ್‌ಗೆ ಮೊದಲ ಡಯಾಗ್ನೋಸಿಸ್ ಸಬ್‌ಲಕ್ಸೇಷನ್‌ದೇ ಆಗಿರಬೇಕು, ಅಂದರೆ ಎಂ99.01ರಿಂದ ಎಂ99.05ರ ಒಳಗಿನದು, ಅದಕ್ಕೆ ಸಂಬಂಧಿಸಿದ ನೋವಿನ ಕೋಡ್ ಆಮೇಲೆ. ಸೊಂಟ ನೋವಿನ ಹಳೆಯ ಕೋಡ್ ಎಂ54.5 ಈಗ ನಡೆಯುವುದಿಲ್ಲ. 2021ರ ಅಕ್ಟೋಬರ್ 1ರಿಂದ ಅದು ಎಂ54.50, ಎಂ54.51, ಎಂ54.59 ಎಂದು ಒಡೆದಿದೆ. 98942 ಹಾಕಿದಾಗ ರೀಜನ್ ಐದು, ಆದರೆ ಫಾರಂನ 24ಇ ಅಂಕಣದಲ್ಲಿ ಡಯಾಗ್ನೋಸಿಸ್ ತೋರಿಸುವ ಪಾಯಿಂಟರ್ ನಾಲ್ಕೇ. ಐದನೆಯ ಕೋಡ್ 21ನೇ ಬಾಕ್ಸ್‌ನಲ್ಲಾದರೂ ಕಾಣಲಿ.

ಅದೇ ದಿನ 97140 ಮ್ಯಾನ್ಯುಯಲ್ ಥೆರಪಿ ಬಿಲ್ ಮಾಡಬೇಕಾದರೆ ಅದು ಸಿಎಂಟಿ ಕೊಟ್ಟ ರೀಜನ್ ಅಲ್ಲದ ಬೇರೆ ರೀಜನ್‌ನಲ್ಲಿ ಆಗಿರಬೇಕು. ಇದು ಬೇರೆ ಸೇವೆ ಎಂದು ತೋರಿಸುವ 59 ಮಾಡಿಫೈಯರ್, ಜೊತೆಗೆ ನೋಟ್‌ನಲ್ಲಿ ಜಾಗ, ವಿಧಾನ, ನಿಮಿಷ.

ಎಟಿ ಅಥವಾ ಜಿಎ

ಮೆಡಿಕೇರ್‌ಗೆ ಮಾತ್ರ ಸಂಬಂಧಿಸಿದ ಆಯ್ಕೆ. ರೋಗಿ ಸುಧಾರಿಸುವ ನಿರೀಕ್ಷೆ ಇರುವ ಚಿಕಿತ್ಸೆಯಾದರೆ ಸಿಎಂಟಿ ಜೊತೆ ಎಟಿ. 2004ರ ಅಕ್ಟೋಬರ್ 1ರಿಂದ ಇದು ಬೇಕೇಬೇಕು. ಸುಧಾರಣೆ ನಿಂತಿದೆ, ಇನ್ನು ಇದ್ದದ್ದನ್ನು ಕಾಯ್ದುಕೊಳ್ಳುವುದಷ್ಟೇ ಎಂದಾದರೆ ಅದು ಮೇಂಟೆನೆನ್ಸ್, ಮೆಡಿಕೇರ್ ಕೊಡುವುದಿಲ್ಲ. ಆಗ ಎಬಿಎನ್, ಅಂದರೆ ಮೆಡಿಕೇರ್ ದುಡ್ಡು ಕೊಡದಿರಬಹುದು ಎಂದು ಮೊದಲೇ ತಿಳಿಸುವ ಸಿಎಂಎಸ್-ಆರ್-131 ಫಾರಂ, ಅಂದಾಜು ಖರ್ಚಿನ ಸಮೇತ ರೋಗಿಗೆ ಕೊಟ್ಟು, ಅವರು ಮೂರರಲ್ಲೊಂದು ಆಯ್ಕೆಗೆ ಟಿಕ್ ಹಾಕಿ ಸಹಿ ಮಾಡಿದ ಮೇಲೆ ಚಿಕಿತ್ಸೆ, ಕ್ಲೇಮ್‌ಗೆ ಜಿಎ. ಕ್ಲೇಮ್ ತಿರಸ್ಕೃತವಾಗಿ ಬಂದ ಮೇಲೆ ಸಹಿ ಹಾಕಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಆ ದುಡ್ಡು ರೋಗಿಯಿಂದಲೂ ಸಿಗದು. ಮೆಡಿಕೇರ್ ಎಂದೂ ಕೊಡದ ಸೇವೆಗಳಿಗೆ, ಉದಾಹರಣೆಗೆ ಕೈರೋಪ್ರ್ಯಾಕ್ಟರ್‌ನ 99203, ಜಿವೈ. ಎರಡನೆಯ ಇನ್ಶೂರೆನ್ಸ್‌ಗೆ ಡಿನಯಲ್ ಕಾಗದ ಬೇಕಾದಾಗ ಇದು ಕೆಲಸಕ್ಕೆ ಬರುತ್ತದೆ.

ಎಟಿ ಹಾಕಲು ಆಧಾರ ಎಲ್ಲಿದೆ? ಮಾಡಿಫೈಯರ್‌ನಲ್ಲಲ್ಲ, ಅಂಕಿಗಳಲ್ಲಿ. ಇಬ್ಬರು ರೋಗಿಗಳ ಐದನೇ ವಿಸಿಟ್‌ನ ನೋಟ್ ಪಕ್ಕಪಕ್ಕ ಇಡೋಣ. ಮೂಲ ಇಂಗ್ಲಿಷಿನಲ್ಲಿರುತ್ತದೆ, ಇಲ್ಲಿ ಕನ್ನಡದಲ್ಲಿ.

ಮೊದಲನೆಯದು: "ಸೊಂಟ ನೋವು ಇದೆ, ಸ್ವಲ್ಪ ವಾಸಿ. ಸ್ನಾಯು ಬಿಗಿ. ಚಿಕಿತ್ಸೆ ಕೊಟ್ಟಿದೆ, ಚೆನ್ನಾಗಿ ತಡೆದುಕೊಂಡರು. ಪ್ಲಾನ್ ಮುಂದುವರಿಕೆ."

ಎರಡನೆಯದು: "ಬಲ ಕೆಳಸೊಂಟ ನೋವು ಹೋದ ಸಲ 7/10, ಇವತ್ತು 5/10. ಈಗ 20 ನಿಮಿಷ ಕೂರಬಲ್ಲರು, ಶುರುವಿನಲ್ಲಿ 10. ಎಲ್5 ಬಲಗಡೆ ಒತ್ತಿದರೆ ನೋವು. ಸೊಂಟ ಮುಂದೆ ಬಗ್ಗಿಸುವುದು 40 ಡಿಗ್ರಿ, ಮೊದಲ ದಿನ 30. ಬಲ ಪ್ಯಾರಾಸ್ಪೈನಲ್ ಸ್ನಾಯು ಬಿಗಿ. ಎಲ್5 ಮತ್ತು ಬಲ ಎಸ್‌ಐ ಕೀಲಿಗೆ ಸೈಡ್ ಪೋಸ್ಚರ್‌ನಲ್ಲಿ ಮ್ಯಾನಿಪ್ಯುಲೇಷನ್. ನಂತರ ಬಗ್ಗಿಸುವುದು 45 ಡಿಗ್ರಿ. ವಾರಕ್ಕೆ 2 ಸಲ, ಇನ್ನು 2 ವಾರ. ಗುರಿ: 30 ನಿಮಿಷ ಕೂರುವುದು."

ಎರಡನೆಯದನ್ನು ಬರೆಯಲು ಒಂದು ನಿಮಿಷ ಹೆಚ್ಚು ಬೇಕು. ಅದರಲ್ಲಿ ಪಿ, ಆರ್, ಟಿ ಮೂರೂ ಇವೆ, ಹೋದ ಸಲಕ್ಕೂ ಈ ಸಲಕ್ಕೂ ವ್ಯತ್ಯಾಸ ಇದೆ, ಯಾವ ಮೂಳೆ ಎಂಬುದು ಇದೆ. ಆದರೂ ಒಂದು ಕುಂದಿದೆ: ಎಸ್‌ಐ ಕೀಲಿಗೆ ಚಿಕಿತ್ಸೆ ಕೊಟ್ಟರು, ಅಲ್ಲಿನ ಫೈಂಡಿಂಗ್ ಬರೆದಿಲ್ಲ. ಇಲ್ಲಿ 98940 ಒಂದು ರೀಜನ್‌ಗೂ ನಿಲ್ಲುವುದರಿಂದ ಕ್ಲೇಮ್ ಉಳಿಯುತ್ತದೆ. ಇದೇ ಮರೆವು 98941ರಲ್ಲಿ ಆದರೆ ಉಳಿಯದು.

ನೋವಿನ ಅಂಕಿ ಒಂದನ್ನೇ ನೆಚ್ಚಬೇಡಿ. ಸೊಂಟಕ್ಕೆ ಆಸ್ವೆಸ್ಟ್ರಿ ಪ್ರಶ್ನಾವಳಿ: 10 ವಿಭಾಗ, ತಲಾ 0ರಿಂದ 5, ಒಟ್ಟು 50ರಲ್ಲಿ ಶೇಕಡಾ. ಕುತ್ತಿಗೆಗೆ ನೆಕ್ ಡಿಸೆಬಿಲಿಟಿ ಇಂಡೆಕ್ಸ್, ಅದೂ ಹತ್ತು. ಮೊದಲ ದಿನ 44%, ನಾಲ್ಕು ವಾರದ ಗುರಿ 24%, ಮರುತಪಾಸಣೆಯಲ್ಲಿ 28% ಅಂದರೆ ಎಟಿಗೆ ಬಲ ಬಂತು. "ನೋವು ಕಡಿಮೆ ಮಾಡುವುದು" ಎಂಬ ಗುರಿಯನ್ನು ಅಳೆಯಲು ಬರುವುದಿಲ್ಲ. ಎರಡು ಮರುತಪಾಸಣೆಯಲ್ಲೂ ಅದೇ 28% ನಿಂತಿದ್ದರೆ ಎಬಿಎನ್ ತೆಗೆಯುವ ಹೊತ್ತಾಯಿತು.

ಟೈಪ್, ಟಿಕ್, ಅಥವಾ ಸ್ಕ್ರೈಬ್

ಟಿಕ್ ಹಾಕುವ ಟೆಂಪ್ಲೇಟ್‌ನ ಲಾಭ, ಏನೂ ಬಿಟ್ಟುಹೋಗುವುದಿಲ್ಲ. ನಷ್ಟ, ಮಾಡದೇ ಇದ್ದದ್ದೂ ಸೇರಿಕೊಳ್ಳುತ್ತದೆ. ಹಿಂದಿನ ನೋಟ್ ಎಳೆದು ತರುವ ಗುಂಡಿ ಒತ್ತಿದರೆ ಹನ್ನೆರಡು ವಿಸಿಟ್‌ನಲ್ಲೂ ಅದೇ "ಎಲ್5 ಬಲ, 40 ಡಿಗ್ರಿ". ಸುಧಾರಣೆಯೇ ಇಲ್ಲ ಎಂದು ಡಾಕ್ಟರೇ ಬರೆದುಕೊಟ್ಟಂತೆ. ಕೈಯಿಂದ ಟೈಪ್ ಮಾಡಿದ ನೋಟ್ ಜೀವಂತವಾಗಿರುತ್ತದೆ, ಆದರೆ ಜನ ಹೆಚ್ಚಿರುವ ಸೋಮವಾರ ಅದು ಎರಡು ಸಾಲಿಗೆ ಇಳಿಯುತ್ತದೆ. ಸ್ಕ್ರೈಬ್, ಮನುಷ್ಯರಾಗಲಿ ಸಾಫ್ಟ್‌ವೇರ್ ಆಗಲಿ, ಕೇಳಿಸಿದ್ದನ್ನು ಮಾತ್ರ ಬರೆಯಬಲ್ಲರು. ಬೆರಳಿಗೆ ಸಿಕ್ಕ ಬಿಗಿ, ಸಾಲು ತಪ್ಪಿದ ಮೂಳೆ ಇವನ್ನು ಡಾಕ್ಟರ್ ಬಾಯಿಬಿಟ್ಟು ಹೇಳದಿದ್ದರೆ ನೋಟ್‌ನಲ್ಲಿ ಎ ಇರುವುದಿಲ್ಲ. ಡಿಗ್ರಿ, ಬದಿ, ಮೂಳೆಯ ಅಂಕಿ, ನೋವಿನ ಅಂಕಿ ಈ ನಾಲ್ಕನ್ನು ಪ್ರತಿ ಸಲ ಖಾಲಿಯಾಗಿ ತೆರೆದುಕೊಳ್ಳುವಂತೆ, ಉಳಿದದ್ದು ಟಿಕ್ ಆಗಿರುವಂತೆ ಟೆಂಪ್ಲೇಟ್ ಮಾಡಿಸಿಕೊಂಡರೆ ಮೂರು ದಾರಿಯ ಒಳ್ಳೆಯದೂ ಸಿಗುತ್ತದೆ.

ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಬೇಕಾದರೆ ಇವತ್ತಿನ ದಿನಾಂಕ ಹಾಕಿ, ಅಡೆಂಡಂ ಎಂದು ಗುರುತಿಸಿ, ಸಹಿ ಮಾಡಿ. ಹಳೆಯ ಸಾಲನ್ನು ಅಳಿಸಬೇಡಿ. ಸಹಿಯೇ ಇಲ್ಲದಿದ್ದರೆ ಈಗ ಸಹಿ ಹಾಕಿ ಹಳೆಯ ದಿನಾಂಕ ಬರೆಯುವುದಲ್ಲ, ಅಟೆಸ್ಟೇಷನ್ ಹೇಳಿಕೆ (ಆ ನೋಟ್ ತಮ್ಮದೇ ಎಂಬ ದೃಢೀಕರಣ) ಕೊಡುವುದು. ಮೆಡಿಕೇರ್ ಪರವಾಗಿ ಕ್ಲೇಮ್ ನೋಡುವ ಕಾಂಟ್ರ್ಯಾಕ್ಟರ್‌ನಿಂದ ದಾಖಲೆ ಕೇಳಿ ಪತ್ರ ಬಂದರೆ 45 ದಿನ ಇರುತ್ತದೆ. ಪತ್ರದಲ್ಲಿ ಕೇಳಿದ ಒಂದು ದಿನದ ನೋಟ್ ಮಾತ್ರ ಕಳಿಸುವವರೇ ಹೆಚ್ಚು. ಆ ದಿನದ ನೋಟ್, ಆ ಸರಣಿಯ ಮೊದಲ ತಪಾಸಣೆ, ಚಿಕಿತ್ಸೆಯ ಪ್ಲಾನ್, ನಡುವಿನ ಮರುತಪಾಸಣೆ, ಪ್ರಶ್ನಾವಳಿಗಳು, ಎಕ್ಸ್‌ರೇ ದಾರಿ ಹಿಡಿದಿದ್ದರೆ ಅದರ ವರದಿ, ಸಹಿಗಳ ಪಟ್ಟಿ, ಇಷ್ಟೂ ಒಟ್ಟಿಗೆ ಹೋಗಬೇಕು. ಡಾಕ್ಟರ್ ಬಾಣ, ಸುತ್ತು, ಪ್ಲಸ್ ಎಂದು ತಮ್ಮದೇ ಗುರುತು ಬಳಸುವವರಾದರೆ ಅವುಗಳ ಅರ್ಥದ ಒಂದು ಪುಟವನ್ನೂ ಮೇಲಿಡಿ.